ಕಟ್ಟಡದ ಸೈಟಿನಿಂದ ಕಾಗದದ ಡ್ರಾಯಿಂಗ್ ತೆಗೆದು, ಟ್ಯಾಬ್ ಒಂದನ್ನೇ ಇಟ್ಟುಕೊಳ್ಳಬೇಕೇ?

ಪರ: ಹಳೆಯ ಹಾಳೆ ತಾನು ಹಳೆಯದು ಅಂತ ಹೇಳುವುದಿಲ್ಲ

ನಾಲ್ಕನೇ ಮಹಡಿಯ ಸ್ಲ್ಯಾಬ್. ಬೆಳಗ್ಗೆ ಆರಕ್ಕೆ ಕಾಂಕ್ರೀಟ್ ಲಾರಿ ಬರಬೇಕು. ಹಿಂದಿನ ಸಂಜೆ ಕೊನೆಯ ಸಲ ಕಂಬಿ ನೋಡೋಣ ಅಂತ ಮೇಲೆ ಹತ್ತಿದೆ. ಟಾಯ್ಲೆಟ್‌ನ ಸಂಕನ್ ಸ್ಲ್ಯಾಬ್, ಅಂದರೆ ಪೈಪಿಗೆ ಅಂತ ತಗ್ಗಿಸಿದ ಭಾಗ, ಇರಬೇಕಾದ ಕಡೆ ಇರಲಿಲ್ಲ. ಒಂದೂವರೆ ಅಡಿ ಈಚೆಗೆ ಬಂದಿತ್ತು. ಎದೆ ಝಲ್ ಅಂತು. ಓಡಿ ಕೆಳಗಿಳಿದು ಕಂಬಿ ಶೆಡ್‌ನಲ್ಲಿದ್ದ ಹಾಳೆ ಬಿಡಿಸಿದರೆ, ಅದು ಆರ್2, ಅಂದರೆ ಎರಡನೇ ರಿವಿಷನ್ (ತಿದ್ದಿದ ಪ್ರತಿ). ಆರ್3 ಬಂದು ಹನ್ನೆರಡು ದಿನ ಆಗಿತ್ತು. ಅದು ಸೈಟ್ ಆಫೀಸಿನ ಮೂಲೆಯಲ್ಲಿ, ಪಿವಿಸಿ ಪೈಪಿನ ತುಂಡಿನೊಳಗೆ ಸುರುಳಿಯಾಗಿ ಹಾಗೇ ಇತ್ತು.

ರಾತ್ರಿ ಲೈಟ್ ಹಾಕಿಕೊಂಡು, ಕಟ್ಟಿದವರೇ ಬೈಂಡಿಂಗ್ ವೈರ್ ಬಿಚ್ಚಿದರು. ಲಾರಿ ವಾಪಸ್ ಹೇಳಿದೆವು. ಒಂದೂವರೆ ದಿನ ಹೋಯಿತು. ಅವರ ತಪ್ಪೇನೂ ಇರಲಿಲ್ಲ. ಕೈಗೆ ಕೊಟ್ಟ ಹಾಳೆಯಲ್ಲಿ ಇದ್ದ ಹಾಗೇ ಕಟ್ಟಿದ್ದರು. ಅದೇ ನನಗೆ ಇವತ್ತಿಗೂ ಜಾಸ್ತಿ ನೋವು ಕೊಡುವ ಮಾತು.

ಅವತ್ತು ಆ ಹಾಳೆಯನ್ನು ಹತ್ತಿರದಿಂದ ನೋಡಿದೆ. ಯಾವ ರಿವಿಷನ್ ಅಂತ ಬರೆಯುವ ಚೌಕ ಬಲಗಡೆ ಕೆಳಮೂಲೆಯಲ್ಲಿ ಇರುತ್ತದೆ. ಹಾಳೆ ತಿರುವುವಾಗ ಎಲ್ಲರೂ ಹೆಬ್ಬೆರಳು ಇಡುವುದೂ ಅಲ್ಲೇ. ಹಾಗಾಗಿ ಮೊದಲು ಮಾಸುವುದು, ಮೊದಲು ಹರಿಯುವುದು ಆ ಮೂಲೆಯೇ. ನಮ್ಮ ಹಾಳೆಯಲ್ಲಿ ಅಲ್ಲಿ ಟೀ ಲೋಟದ ಕಲೆ ಬೇರೆ. 'ಗುಡ್ ಫಾರ್ ಕನ್‌ಸ್ಟ್ರಕ್ಷನ್' ಅನ್ನುವ, ಕಟ್ಟಲು ಒಪ್ಪಿಗೆಯಿದೆ ಎಂಬ ಸೀಲು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನು ನೋಡಿದವರು ಅನುಮಾನ ಪಡುವುದಾದರೂ ಹೇಗೆ?

ಒಂದು ಅಪಾರ್ಟ್‌ಮೆಂಟ್ ಅಂದರೆ ಆರ್ಕಿಟೆಕ್ಟ್‌ನದು, ಸ್ಟ್ರಕ್ಚರ್‌ನದು, ಪ್ಲಂಬಿಂಗ್, ಎಲೆಕ್ಟ್ರಿಕಲ್, ಫೈರ್ ಎಲ್ಲ ಸೇರಿ ನೂರಾರು ಹಾಳೆ. ಡ್ರಾಯಿಂಗಿನ ದೊಡ್ಡ ಹಾಳೆ ಎ0, 841×1189 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಚದರ ಮೀಟರ್. ಎ1 ಅದರ ಅರ್ಧ. ಇಷ್ಟನ್ನು ಒಂದು ತಗಡಿನ ಶೆಡ್‌ನಲ್ಲಿ ಎಲ್ಲಿ ಇಡುತ್ತೀರಿ? ಸುತ್ತಿಟ್ಟರೆ ಬಿಡಿಸಿದಾಗ ಮತ್ತೆ ಸುತ್ತಿಕೊಳ್ಳುತ್ತದೆ. ಮಡಚಿಟ್ಟರೆ ಮಡಿಕೆಯ ಮೇಲೆ ಬಂದ ಅಳತೆ ಅಳಿಸಿಹೋಗುತ್ತದೆ. ಜೂನ್ ಬಂತೆಂದರೆ ತೇವ, ಅದರ ಹಿಂದೆಯೇ ಗೆದ್ದಲು.

ದೊಡ್ಡ ಪ್ರಿಂಟಿಗೆ ದುಡ್ಡು ಜಾಸ್ತಿ ಅಂತ ಎಷ್ಟೋ ಕಡೆ ಎ1 ಹಾಳೆಯನ್ನು ಎ3ಗೆ ಇಳಿಸಿ ತೆಗೆಯುತ್ತಾರೆ. ಆಗ ಉದ್ದ ಅಗಲ ಎರಡೂ ಅರ್ಧ. 1:100 ಅಂತ ಬರೆದದ್ದು ನಿಜದಲ್ಲಿ 1:200 ಆಗಿರುತ್ತದೆ, ಆದರೆ ಹಾಳೆಯ ಮೇಲೆ 1:100 ಅಂತಲೇ ಉಳಿದಿರುತ್ತದೆ. ಅಂಕಿ ಓದಲಾಗದೆ ಯಾರಾದರೂ ಸ್ಕೇಲ್ ಇಟ್ಟರೆ ಮುಗಿಯಿತು. ಎಂಟು ಮಿಲಿಮೀಟರ್ ಕಂಬಿಯ 8 ಕೂಡ 6ರ ಹಾಗೆ ಕಾಣುತ್ತದೆ.

ಟ್ಯಾಬ್‌ನಲ್ಲಿ ಈ ಗೋಳಿಲ್ಲ. ಕಂಪ್ಯೂಟರಿನಿಂದ ನೇರ ತೆಗೆದ ಪಿಡಿಎಫ್‌ನಲ್ಲಿ ಗೆರೆ ಗೆರೆಯಾಗಿಯೇ ಇರುತ್ತದೆ, ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ. ಸ್ಕ್ಯಾನ್ ಮಾಡಿದ ಫೈಲ್ ಹಾಗಲ್ಲ, ಅದು ಭಾರವೂ ಹೌದು, ಹಿಗ್ಗಿಸಿದರೆ ಚೂರುಚೂರೂ ಹೌದು. ಆದ್ದರಿಂದ ಆಫೀಸಿನವರ ಹತ್ತಿರ ಮೂಲ ಪಿಡಿಎಫ್ ಅನ್ನೇ ಕೇಳಿ. ಬೇಸ್‌ಮೆಂಟಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ ಅನ್ನುತ್ತೀರಾ? ಬೆಳಗ್ಗೆ ಆಫೀಸಿನಲ್ಲೇ ಇಳಿಸಿಕೊಂಡು ಹೋದರೆ ಆಯಿತು. ಹೊಸ ರಿವಿಷನ್ ಬಂದ ಗಳಿಗೆಯಲ್ಲೇ ಹಳೆಯದು ಪಟ್ಟಿಯಿಂದ ಹೋಗುವಂತೆ ಮಾಡಬಹುದು. ಎಲ್ಲಕ್ಕಿಂತ ಮುಖ್ಯ ಅದು. ಕಂಬಿ ಶೆಡ್‌ನಲ್ಲಿ ಒಂದು, ಸೆಂಟ್ರಿಂಗ್‌ನವರ (ಕಾಂಕ್ರೀಟಿಗೆ ಅಚ್ಚು ಕಟ್ಟುವವರ) ಹತ್ತಿರ ಒಂದು ಅಂತ ಬೇರೆ ಬೇರೆ ಪ್ರತಿ ಓಡಾಡುವುದಿಲ್ಲ.

ಹಾಳೆಯೂ ಮೊದಲಿನಿಂದ ಒಂದೇ ಥರ ಇರಲಿಲ್ಲ. ಜಾನ್ ಹರ್ಶೆಲ್ 1842ರಲ್ಲಿ ಕಂಡುಹಿಡಿದ ವಿಧಾನದಿಂದ ನೀಲಿ ಹಾಳೆಯ ಮೇಲೆ ಬಿಳಿ ಗೆರೆ ಬಂತು. ಆಮೇಲೆ ಅಮೋನಿಯಾ ಪ್ರಿಂಟ್, ಆಮೇಲೆ ದೊಡ್ಡ ಹಾಳೆಗೆ ಮುದ್ರಿಸುವ ಪ್ಲಾಟರ್. ಈಗ ಟ್ಯಾಬ್ ಬಂದಿದೆ. ಆ ರಾತ್ರಿ ಮತ್ತೆ ಬಾರದಿರಲಿ ಅಂತ ನಾನು ಟ್ಯಾಬ್ ಹಿಡಿದಿದ್ದೇನೆ.

ವಿರೋಧ: ಆರು ತಲೆ ಒಟ್ಟಿಗೆ ಬಾಗುವ ಜಾಗ ಬೇಕು

ಮೇಲಿನ ಮಾತು ಸುಳ್ಳಲ್ಲ. ಹಳೆಯ ಹಾಳೆ ನಂಬಿ ಕೆಲಸ ಕೆಡಿಸಿಕೊಂಡವರನ್ನು ನಾನೂ ನೋಡಿದ್ದೇನೆ. ಆದರೆ ಆ ಕಥೆಯಲ್ಲಿ ಆರ್3 ಹನ್ನೆರಡು ದಿನ ಪೈಪಿನೊಳಗೇ ಇತ್ತು, ಅಲ್ವಾ? ಅದನ್ನು ಶೆಡ್‌ಗೆ ತಲುಪಿಸುವುದು ಆಫೀಸಿನಲ್ಲಿ ಕೂತವರ ಕೆಲಸ. ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಹಳೆಯದನ್ನು ಕೊಡದೆ ಹೊಸ ಹಾಳೆ ಸಿಗುವುದಿಲ್ಲ. ಹಳೆಯದಕ್ಕೆ ಅಲ್ಲೇ, ಎಲ್ಲರ ಎದುರು, ಮೂಲೆಯಿಂದ ಮೂಲೆಗೆ ಕೆಂಪು ಗೆರೆ. ರಿಜಿಸ್ಟರಿನಲ್ಲಿ ತಾರೀಖು, ತೆಗೆದುಕೊಂಡವರ ಸಹಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ. ಇದಕ್ಕೆ ಐದು ನಿಮಿಷ ಸಾಕು.

ನಾನು ಮೈಸೂರಿನ ಕಡೆ ಮನೆ ಕಟ್ಟಿಸುವ ಕೆಲಸದಲ್ಲಿ ಇದ್ದೇನೆ. ನಮ್ಮ ದಿನ ಶುರುವಾಗುವುದು ಎರಡು ಡ್ರಮ್ಮಿನ ಮೇಲೆ ಹಾಕಿದ ಪ್ಲೈವುಡ್‌ನ ಸುತ್ತ. ಎ1 ಹಾಳೆ ಬಿಡಿಸಿ ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಇಡುತ್ತೇವೆ. ಮೇಸ್ತ್ರಿ, ಕಂಬಿಯವರು, ಸೆಂಟ್ರಿಂಗ್‌ನವರು, ಪ್ಲಂಬರ್, ಎಲೆಕ್ಟ್ರಿಷಿಯನ್, ನಾನು. ಆರೂ ತಲೆ ಬಾಗುತ್ತವೆ. ಕಂಬಿ ಕಟ್ಟುವ ಹುಡುಗ ಬಿಹಾರದವನು. ಅವನಿಗೆ ಕನ್ನಡ ಓದಲು ಬಾರದು, ಇಂಗ್ಲಿಷೂ ಬಾರದು. ಡ್ರಾಯಿಂಗ್ ಓದಲು ಬರುತ್ತದೆ. ಹಾಳೆಯಲ್ಲಿ ಕಾಲಮ್ ಸಾಲಿಗೆ ಎಳೆದ ಎ ಗೆರೆಯಿಂದ ಬೆರಳು ಇಟ್ಟು, ಕಾಲಮ್ ಎಣಿಸುತ್ತಾ, ತನ್ನ ಬೀಮ್‌ವರೆಗೆ ಬಂದು ನಿಲ್ಲಿಸುತ್ತಾನೆ. ಪ್ಲಂಬರ್‌ನ ಬೆರಳು ಇನ್ನೊಂದು ಕಡೆಯಿಂದ ಬರುತ್ತದೆ. ಎರಡೂ ಬೆರಳು ಒಂದೇ ಕಡೆ ಸೇರಿದರೆ ಪೈಪು ಬೀಮಿಗೆ ಅಡ್ಡ ಬರುತ್ತಿದೆ ಅಂತ ಅರ್ಥ. ಭಾಷೆ ಬೇಕಾಗಿಲ್ಲ.

ಇದನ್ನು ಹತ್ತಿಂಚಿನ ಟ್ಯಾಬ್‌ನಲ್ಲಿ ಮಾಡಿ ನೋಡಿ. ಒಂದು ಎ1 ಹಾಳೆ ಮುಚ್ಚಲು ಅಂಥ ಟ್ಯಾಬ್ ಸುಮಾರು ಹದಿನಾರು ಬೇಕು. ಪೂರ್ತಿ ಪ್ಲಾನ್ ಕಾಣುವಂತೆ ಇಟ್ಟರೆ ಅಳತೆ ಕಾಣುವುದಿಲ್ಲ. ಅಳತೆ ಕಾಣುವಂತೆ ಹಿಗ್ಗಿಸಿದರೆ ಮನೆಯ ಯಾವ ಮೂಲೆಯಲ್ಲಿದ್ದೇವೆ ಅನ್ನುವುದು ಹೋಗುತ್ತದೆ. ಸಿ7, ಸಿ12 ಎರಡೂ ಕಾಲಮ್ ನೋಡಲು ಒಂದೇ ಥರ. ಹಿಗ್ಗಿಸಿ ನೋಡುತ್ತಿದ್ದವರು ಒಂದರ ಮಾರ್ಕಿಂಗ್ ಇನ್ನೊಂದರ ಜಾಗದಲ್ಲಿ ಹಾಕಿದ್ದನ್ನು ನಾನೇ ನೋಡಿದ್ದೇನೆ. ಪುಣ್ಯಕ್ಕೆ ಗುಂಡಿ ತೋಡುವ ಮೊದಲೇ ಗೊತ್ತಾಯಿತು. ಬಿಸಿಲಿನಲ್ಲಿ ಪರದೆ ಕಾಣದು, ಸಿಮೆಂಟ್ ಮೆತ್ತಿದ ಬೆರಳಿಗೆ ಅದು ಓಗೊಡದು ಅನ್ನುವುದೆಲ್ಲ ಎಲ್ಲರಿಗೂ ಗೊತ್ತಿರುವುದೇ.

ನನ್ನ ಮುಖ್ಯ ಚಿಂತೆ ಬೇರೆ. ಟ್ಯಾಬ್ ಇಂಜಿನಿಯರ್ ಕೈಯಲ್ಲಿ ಇರುತ್ತದೆ. ಅದಕ್ಕೊಂದು ಪಾಸ್‌ವರ್ಡ್. ಇಂಜಿನಿಯರ್ ಊಟಕ್ಕೆ ಹೋದರೆ ಡ್ರಾಯಿಂಗೂ ಊಟಕ್ಕೆ ಹೋಗುತ್ತದೆ. ಮೇಸ್ತ್ರಿಗೆ ಅನುಮಾನ ಬಂದರೆ ಕಾಯಬೇಕು, ಇಲ್ಲವೇ ಫೋನ್ ಮಾಡಿ ಕೇಳಬೇಕು. ಸುಮ್ನೆ ಯಾಕೆ ತೊಂದರೆ ಕೊಡೋದು ಅಂತ ಕೇಳದೆಯೇ ಮುಂದುವರಿಯುವವರೇ ಜಾಸ್ತಿ. ಮೇಜಿನ ಮೇಲಿದ್ದ ಹಾಳೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಾನೂನಿಗೂ ಇದರ ಅರಿವಿದೆ ಅನ್ನಿಸುತ್ತದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ, ಕೆಲಸ ನಡೆಯುವಾಗ ಮಂಜೂರಾದ ಪ್ಲಾನಿನ ಪ್ರತಿ ಸೈಟಿನಲ್ಲೇ ಇರಬೇಕು ಅನ್ನುತ್ತದೆ. ಅದೇ ವರ್ಷದ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 11ನೇ ಸೆಕ್ಷನ್, ಮಂಜೂರಾದ ಪ್ಲಾನನ್ನು ಸೈಟಿನಲ್ಲಿ ಅಥವಾ ಗೊತ್ತುಪಡಿಸಿದ ಬೇರೆ ಜಾಗದಲ್ಲಿ ಹಾಕಿ ಫ್ಲಾಟ್ ಕೊಂಡವರಿಗೆ ನೋಡಲು ಸಿಗುವಂತೆ ಮಾಡಬೇಕು ಅನ್ನುತ್ತದೆ. ದುಡ್ಡು ಕೊಟ್ಟವರು ನೋಡಬಹುದಾದರೆ, ಕಟ್ಟುವವರು ನೋಡಬಾರದೇ?

ಇಡುವ ಕಷ್ಟ ನಿಜ, ಆದರೆ ಅದಕ್ಕೆ ಉಪಾಯವಿದೆ. ಸುರುಳಿ ಸುತ್ತಬೇಡಿ. ಒಂದು ವಿಭಾಗದ ಹಾಳೆಗಳನ್ನೆಲ್ಲ ಒಂದು ಪಟ್ಟಿಗೆ ಕಚ್ಚಿಸಿ, ಬಟ್ಟೆ ಒಣಗಿಸುವಂತೆ ನೇತುಹಾಕಿ. ನೆಲಕ್ಕೆ ತಾಗದಿದ್ದರೆ ಗೆದ್ದಲಿನ ಭಯ ಕಡಿಮೆ. ಇವತ್ತಿನ ಕೆಲಸದ ಎರಡು ಮೂರು ಹಾಳೆ ಮಾತ್ರ ಹೊರಗೆ ಬರಲಿ. ಎ3ಗೆ ಇಳಿಸಿ ದುಡ್ಡು ಉಳಿಸುವುದನ್ನು ಮಾತ್ರ ನಾನೂ ಒಪ್ಪುವುದಿಲ್ಲ.

ಮೊನ್ನೆ ಒಂದು ಮನೆಯಲ್ಲಿ ಮೆಟ್ಟಿಲಿನ ಕೆಳಗೆ ಟಾಯ್ಲೆಟ್ ಬಂದಿತ್ತು. ಬಾಗಿಲು ಆರ್ಕಿಟೆಕ್ಟ್ ಹಾಳೆಯಲ್ಲಿ, ಬೀಮ್ ಸ್ಟ್ರಕ್ಚರ್ ಹಾಳೆಯಲ್ಲಿ. ಎರಡನ್ನೂ ಪಕ್ಕಪಕ್ಕ ಹರಡಿದ್ದೆವು. ನಮ್ಮ ಮೇಸ್ತ್ರಿ ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದು ಮೆಟ್ಟಿಲು ಎಣಿಸಿದರು. "ಹನ್ನೆರಡು ಮೆಟ್ಟಿಲು, ಆರಾರು ಇಂಚು, ಅಂದ್ರೆ ಆರಡಿ. ಅದರಲ್ಲಿ ಬೀಮೇ ಒಂಬತ್ತು ಇಂಚು ತಿನ್ನುತ್ತೆ. ಬಾಗಿಲಿಗೆ ಉಳಿಯೋದು ಐದೂಕಾಲು ಅಡಿ. ತಲೆ ಬಡಿಯುತ್ತೆ ಸಾರ್." ಬಾಗಿಲಿನ ಸುತ್ತ ಒಂದು ಸುತ್ತು ಗೆರೆ ಎಳೆದರು. ನಾನು ಆ ಗೆರೆಯ ಫೋಟೋ ತೆಗೆದು ಆಫೀಸಿಗೆ ಕಳಿಸಿದೆ. ನಾಲ್ಕನೇ ದಿನ ಹೊಸ ರಿವಿಷನ್ ಬಂತು. ಬಾಗಿಲು ಪಕ್ಕದ ಗೋಡೆಗೆ ಹೋಗಿತ್ತು.