ನೀರು ಎಲ್ಲಿಂದ ಬರುತ್ತದೆ? (ಟ್ಯಾಂಕರ್ ಅನ್ನುವಂತಿಲ್ಲ)

ಬೆಂಗಳೂರಿನ ದೊಡ್ಡ ಫೀಸಿನ ಶಾಲೆಗಳಲ್ಲಿ ಈಗ ಪಾಠ ಅನ್ನುವುದು ಇಲ್ಲ. ಯೂನಿಟ್ ಇದೆ. ಯೂನಿಟ್‌ಗೊಂದು ಥೀಮ್, ಥೀಮ್‌ಗೊಂದು ಎಸೆನ್ಷಿಯಲ್ ಕ್ವೆಶ್ಚನ್. ಅದು ಸಾಮಾನ್ಯ ಪ್ರಶ್ನೆಯಲ್ಲ. ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಮುಗಿಯಬಾರದು, ಕೇಳಿದ ಮೇಲೆ ಇನ್ನೂ ನಾಲ್ಕು ಪ್ರಶ್ನೆ ಹುಟ್ಟಬೇಕು, ಮಗು ಮನೆಗೆ ಬಂದಮೇಲೂ ತಲೆ ಕೆರೆದುಕೊಳ್ಳಬೇಕು. ಗಣಿತ, ಇಂಗ್ಲಿಷ್, ಪರಿಸರ, ಚಿತ್ರಕಲೆ ಎಲ್ಲವೂ ವಾರಗಟ್ಟಲೆ ಆ ಒಂದು ಪ್ರಶ್ನೆಯ ಸುತ್ತಲೇ ತಿರುಗಬೇಕು. ಕೇಳೋಕೆ ಚೆನ್ನಾಗಿದೆ ಅಲ್ವಾ? ನಿಜಕ್ಕೂ ಚೆನ್ನಾಗಿದೆ. ನನ್ನ ತಕರಾರು ಈ ಐಡಿಯಾದ ಮೇಲಲ್ಲ, ಅದಕ್ಕೆ ನಮ್ಮವರು ಮಾಡಿರುವ ಅಲಂಕಾರದ ಮೇಲೆ.

ನನ್ನ ಅಕ್ಕನ ಮಗ ಮೂರನೇ ಕ್ಲಾಸಿನಲ್ಲಿದ್ದಾಗ, 2024ರ ಮಾರ್ಚ್‌ನಲ್ಲಿ, ಅವನ ಶಾಲೆಯ ಥೀಮ್ 'ನೀರು'. ಆ ಮಾರ್ಚ್ ನೆನಪಿದೆಯಲ್ಲ? ಬೋರ್‌ವೆಲ್ ಬತ್ತಿ, ಅಪಾರ್ಟ್‌ಮೆಂಟಿನವರು ಗಂಟೆ ಲೆಕ್ಕದಲ್ಲಿ ನೀರು ಬಿಟ್ಟುಕೊಂಡು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ ತಿಂಗಳು. ಟ್ಯಾಂಕರ್‌ನವರು ಬಾಯಿಗೆ ಬಂದ ರೇಟು ಹೇಳುತ್ತಿದ್ದಾರೆ ಅಂತ ಜಿಲ್ಲಾಡಳಿತವೇ ದರ ನಿಗದಿ ಮಾಡಿತು: ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600, 8,000ಕ್ಕೆ 700, 12,000ಕ್ಕೆ 1,000 ರೂಪಾಯಿ. ಊರಿಗೆ ಊರೇ ಬೆಳಗೆದ್ದು ಒಂದೇ ಪ್ರಶ್ನೆ ಕೇಳುತ್ತಿತ್ತು: ಇವತ್ತು ನೀರು ಬರುತ್ತಾ?

ಶಾಲೆಯೂ ಪ್ರಶ್ನೆ ಕೇಳಿತು. "ನೀರು ನಮ್ಮೆಲ್ಲರನ್ನು ಹೇಗೆ ಬೆಸೆಯುತ್ತದೆ?"

ಕರ್ನಾಟಕದಲ್ಲಿ ಕೂತು ಕೇಳುವ ಪ್ರಶ್ನೆಯಾ ಇದು! ಆರು ತಿಂಗಳ ಹಿಂದೆ, 2023ರ ಸೆಪ್ಟೆಂಬರ್ 26ಕ್ಕೆ, ಕಾವೇರಿ ನೀರಿನ ವಿಷಯಕ್ಕೇ ಬೆಂಗಳೂರು ಬಂದ್ ಆಗಿ ಶಾಲೆಗಳಿಗೆಲ್ಲ ರಜೆ ಸಿಕ್ಕಿತ್ತು. ನಮ್ಮ ಹುಡುಗ ಅದನ್ನು ಮರೆತಿರಲಿಲ್ಲ. ಕೈ ಎತ್ತಿ, "ನೀರಿಗೋಸ್ಕರ ಎಲ್ಲರಿಗೂ ಒಟ್ಟಿಗೆ ರಜೆ ಕೊಡ್ತಾರೆ ಮಿಸ್" ಅಂದ. ಪಕ್ಕದ ಹುಡುಗಿ, ನೀರು ಬಂದ ದಿನ ಅಜ್ಜಿ ಮತ್ತು ಕೆಳಗಿನ ಮನೆ ಆಂಟಿ ಸಂಪ್ ಹತ್ತಿರ ಸೇರಿ ಜಗಳ ಆಡ್ತಾರೆ, ಬಾಕಿ ದಿನ ಇಬ್ಬರೂ ಮಾತೇ ಆಡಲ್ಲ ಅಂದಳು. ಬೆಸೆಯುವುದು ಅಂದರೆ ಇನ್ನೇನು ಸ್ವಾಮಿ? ಎರಡೂ ಫಸ್ಟ್ ಕ್ಲಾಸ್ ಉತ್ತರ. ಮಿಸ್ ಇಬ್ಬರಿಗೂ "ಇಂಟ್ರೆಸ್ಟಿಂಗ್" ಅಂದರು, ಆಮೇಲೆ ಬೋರ್ಡಿನ ಮೇಲೆ ಸರಿಯಾದ ಉತ್ತರ ಬರೆದರು: ನೀರೇ ಜೀವ. ಒಂದೇ ಸರಿಯುತ್ತರ ಇರಬಾರದು ಅಂತ ನಿಯಮವಿರುವ ಪ್ರಶ್ನೆಗೆ ಸರಿಯುತ್ತರ ಪ್ಲಾನರ್‌ನ ಮೊದಲ ಪುಟದಲ್ಲೇ ಟೈಪಾಗಿತ್ತು. ಪಾಪ, ಮಿಸ್ ಏನು ಮಾಡುತ್ತಾರೆ? ಕೋಆರ್ಡಿನೇಟರ್ ಮ್ಯಾಮ್ ಸಹಿ ಹಾಕಿರುವ ಪುಟ ಅದು.

ಈ ಪ್ರಶ್ನೆಯ ಪದ್ಧತಿ ಹಬ್ಬಿದ್ದು ಅಮೆರಿಕದಿಂದ. ಗ್ರಾಂಟ್ ವಿಗ್ಗಿನ್ಸ್, ಜೇ ಮ್ಯಾಕ್‌ಟೈ ಅನ್ನುವ ಇಬ್ಬರು 1998ರಲ್ಲಿ ಹೇಳಿದ್ದು ಸರಳ: ಪಾಠವನ್ನು ಕೊನೆಯಿಂದ ಯೋಚಿಸಿ. ಮಗುವಿಗೆ ಏನು ಅರ್ಥವಾಗಬೇಕು ಅಂತ ಮೊದಲು ನಿರ್ಧರಿಸಿ, ಅರ್ಥವಾಗಿದೆ ಅಂತ ಹೇಗೆ ಗೊತ್ತಾಗುತ್ತದೆ ಅನ್ನುವುದು ಆಮೇಲೆ, ಚಟುವಟಿಕೆ ಕೊನೆಗೆ. ನಮ್ಮ ಶಾಲೆಗಳು ಇದನ್ನು ಅಕ್ಷರಶಃ ಪಾಲಿಸುತ್ತವೆ. ಮೊದಲು ಪ್ರದರ್ಶನದ ದಿನಾಂಕ ಗೊತ್ತು ಮಾಡುತ್ತಾರೆ. ನಂತರ ಫೋಟೋಗ್ರಾಫರ್. ನಂತರ ಥರ್ಮೋಕೋಲ್. ಆಮೇಲೆ ಪ್ರಶ್ನೆ. ಮಗು ಕಟ್ಟಕಡೆಗೆ, ಅದೂ ಯೂನಿಫಾರಂ ಇಸ್ತ್ರಿ ಆಗಿದ್ದರೆ.

ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್ ಅನ್ನುವ ವಿದೇಶಿ ಪಠ್ಯಕ್ರಮದ ಶಾಲೆಗಳ ಪ್ರೈಮರಿ ಕಾರ್ಯಕ್ರಮ ಶುರುವಾಗಿದ್ದು 1997ರಲ್ಲಿ. ಅದರಲ್ಲಿ ಆರು ಥೀಮ್. 'ನಾವು ಯಾರು' ಅನ್ನುವುದೇ ಒಂದು ಥೀಮ್, ಆರೇಳು ವರ್ಷದ ಮಕ್ಕಳಿಗೆ. ಋಷಿಗಳು ಕಾಡಿಗೆ ಹೋಗಿ ಕೂತು ಯೋಚಿಸಿದ ಪ್ರಶ್ನೆ, ಇಲ್ಲಿ ಬುಧವಾರ ಮೂರನೇ ಪೀರಿಯಡ್‌ಗೆ ಮುಗಿಯಬೇಕು, ನಾಲ್ಕನೆಯದು ಸ್ವಿಮ್ಮಿಂಗ್. ಐಬಿ ಫೀಸು ಕೀಳಲಾಗದ ಶಾಲೆಗಳು ಆ ಆರರ ಬಣ್ಣದ ಚಾರ್ಟ್ ಮಾತ್ರ ಡೌನ್‌ಲೋಡ್ ಮಾಡಿಕೊಂಡಿವೆ.

ಇನ್ನು ಎಲ್ಲ ವಿಷಯವನ್ನೂ ಥೀಮಿಗೆ ಜೋಡಿಸುವ ಕಸರತ್ತು. ಗಣಿತಕ್ಕೆ, ಕೊಳದಲ್ಲಿ ಏಳು ಮೀನು ಇದ್ದವು, ಮೂರು ಮೀನು ಈಜಿ ಹೋದವು. ಪಿ.ಟಿ.ಗೆ, ನದಿಯ ಹಾಗೆ ಓಡಿ. (ನದಿಯ ಹಾಗೆ ಅಂದರೆ ಹೇಗೆ ಅಂತ ಒಬ್ಬ ಕೇಳಿದನಂತೆ. ಊರಿನ ಕೊಳಚೆ ಹೊತ್ತ ವೃಷಭಾವತಿಯನ್ನು ನೋಡಿದ ಹುಡುಗ ಇರಬೇಕು.) ಆಟ, ಹಾಡು, ಕ್ರಾಫ್ಟ್ ಎಲ್ಲದರ ಮೇಲೂ ನೀಲಿ ಬಣ್ಣ ಬಳಿದರೆ ಇಂಟಿಗ್ರೇಷನ್ ಆಯಿತು.

ಅದೇ ಹೊತ್ತಿಗೆ ಶಾಲೆಯ ಗೇಟಿನ ಮುಂದೆ ಟ್ಯಾಂಕರ್ ನಿಂತು, ಪೈಪಿನಿಂದ ನೀರು ಸೋರಿ, ವಾಚ್‌ಮನ್ ಮತ್ತು ಡ್ರೈವರ್ ರಸೀದಿಗಾಗಿ ವಾದ ಮಾಡುತ್ತಿದ್ದರು. ಸರ್ಕಾರದ ದರಪಟ್ಟಿಯನ್ನೇ ಮಕ್ಕಳ ಕೈಗೆ ಕೊಡಿ. 6,000 ಲೀಟರಿಗೆ 600 ಅಂದರೆ ಲೀಟರಿಗೆ ಹತ್ತು ಪೈಸೆ. 12,000ಕ್ಕೆ 1,000 ಅಂದರೆ ಎಂಟು ಪೈಸೆ ಚಿಲ್ಲರೆ. ದೊಡ್ಡ ಸಂಪ್ ಇರುವವನಿಗೆ ನೀರು ಅಗ್ಗ, ಚಿಕ್ಕ ಸಂಪ್‌ನವನಿಗೆ ತುಟ್ಟಿ. ಸಂಪೇ ಇಲ್ಲದೆ ಬಿಂದಿಗೆ ಇಟ್ಟುಕೊಂಡು ಕೂತವನಿಗೆ? ಗಣಿತ, ಸಮಾಜ, ನ್ಯಾಯ ಮೂರೂ ಒಂದೇ ಲೆಕ್ಕದಲ್ಲಿ ಬಂತಲ್ಲ. ಆದರೆ ಆ ಟ್ಯಾಂಕರ್ ಥೀಮಿಗೆ ಸೇರಿಲ್ಲ, ಅದು ಅಡ್ಮಿನ್ ಡಿಪಾರ್ಟ್‌ಮೆಂಟಿನದು. ಹುಡುಗ "ನೀರು ಎಲ್ಲಿಂದ ಬರುತ್ತದೆ" ಅನ್ನುವ ವರ್ಕ್‌ಶೀಟಿನಲ್ಲಿ 'ಟ್ಯಾಂಕರ್' ಅಂತ ಬರೆದು ಅರ್ಧ ಮಾರ್ಕ್ಸ್ ಕಳೆದುಕೊಂಡ. ಸರಿಯುತ್ತರ 'ಮೋಡ'. ಆ ತಿಂಗಳು ಬೆಂಗಳೂರಿನಲ್ಲಿ ಮೋಡಕ್ಕಾಗಿ ಎಲ್ಲರೂ ಕತ್ತೆತ್ತಿ ಕೂತಿದ್ದೆವು ಅನ್ನುವುದು ಬೇರೆ ಮಾತು.

ಅವನದು ಇನ್ನೊಂದು ಪ್ರಶ್ನೆ ಇತ್ತು, ಅದನ್ನು ನನ್ನ ಹತ್ತಿರ ಕೇಳಿದ. "ಮಾಮ, ನದಿ ಮೇಲಿಂದ ಕೆಳಗೆ ಹರಿಯುತ್ತೆ ಅಂತಾರೆ. ಕಾವೇರಿ ಕೆಳಗಿದೆ, ನಾವು ಮೇಲಿದ್ದೀವಿ. ಹೇಗೆ ಬರುತ್ತೆ?" ಎಂಥ ಪ್ರಶ್ನೆ ನೋಡಿ! ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಐನೂರು ಮೀಟರ್ ಎತ್ತರಕ್ಕೆ, ಮೂರು ಕಡೆ ಪಂಪ್ ಮಾಡಿ ಮಾಡಿ ತರುತ್ತಾರೆ. ಆಗ ದಿನಕ್ಕೆ 1,450 ದಶಲಕ್ಷ ಲೀಟರ್ ಬರುತ್ತಿತ್ತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಗಿ ಇನ್ನೂ 775 ಸೇರಿತು. ಆ ಕರೆಂಟ್ ಬಿಲ್ ಒಂದನ್ನೇ ಹಿಡಿದುಕೊಂಡು ಇಡೀ ವರ್ಷ ಪಾಠ ಮಾಡಬಹುದು. ಆದರೆ ಕ್ಲಾಸಿನ ಜಲಚಕ್ರದ ಚಾರ್ಟಿನಲ್ಲಿ ಸಮುದ್ರ ಇದೆ, ಬೆಟ್ಟ ಇದೆ, ನಗುವ ಸೂರ್ಯ ಇದ್ದಾನೆ, ಪಂಪ್ ಇಲ್ಲ.

ನನಗೆ ಜಾಸ್ತಿ ಸಿಟ್ಟು ಬರಿಸಿದ್ದು ಕನ್ನಡ ಮಿಸ್ ವಿಷಯ. 2015ರ ಕಾನೂನಿನ ಪ್ರಕಾರ ಕನ್ನಡ ಕಲಿಸಲೇಬೇಕು, ಹಾಗಾಗಿ ಶಾಲೆಯಲ್ಲಿ ಒಬ್ಬರು ಕನ್ನಡ ಮಿಸ್ ಇದ್ದಾರೆ. ಪ್ಲಾನಿಂಗ್ ಮೀಟಿಂಗಿಗೆ ಅವರನ್ನು ಕರೆಯುವುದಿಲ್ಲ, ಅವರದು 'ಸ್ಪೆಷಲ್ ಸಬ್ಜೆಕ್ಟ್'. ಸೋಮವಾರ ಬೆಳಿಗ್ಗೆ ಮೇಲ್ ಬರುತ್ತದೆ: ಈ ಯೂನಿಟ್ ನೀರು, ದಯವಿಟ್ಟು ಇಂಟಿಗ್ರೇಟ್ ಮಾಡಿ. ಇಡೀ ಶಾಲೆಯಲ್ಲಿ ಆ ವಿಷಯ ಚೆನ್ನಾಗಿ ಗೊತ್ತಿದ್ದವರು ಅವರೊಬ್ಬರೇ. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಇರುವುದು ಧರ್ಮಾಂಬುಧಿ ಕೆರೆಯ ಮೇಲೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ, ಚಲ್ಲಘಟ್ಟ ಕೆರೆ ಈಗ ಗಾಲ್ಫ್ ಕೋರ್ಸ್, ಇದನ್ನೆಲ್ಲ ಕಥೆ ಮಾಡಿ ಹೇಳುವ ಹೆಂಗಸು. ಅವರಿಗೆ ಸಿಕ್ಕ ಕೆಲಸ, ಹನಿಯ ಆಕಾರದ ಕಾಗದದಲ್ಲಿ 'ನೀರು' ಅಂತ ಬರೆಸಿ ಬಣ್ಣ ತುಂಬಿಸುವುದು.

ಸರ್ಕಾರಿ ಶಾಲೆ ಈ ವಿಷಯದಲ್ಲಿ ಏನೂ ಹಿಂದೆ ಇಲ್ಲ ಅನ್ನಬೇಕು. ಕೋಲಾರದ ಕಡೆ ಒಂದು ಹಳ್ಳಿಯಲ್ಲಿ ನನ್ನ ಗೆಳೆಯ ಮೇಷ್ಟ್ರು. ಶಾಲೆಗೆ ಅವನೊಬ್ಬನೇ. ಕನ್ನಡ, ಗಣಿತ, ಪರಿಸರ, ಬಿಸಿಯೂಟ, ಹಾಲು, ಮೊಟ್ಟೆ, ಬಾಳೆಹಣ್ಣು ಎಲ್ಲ ಅವನೇ. ಇದಕ್ಕಿಂತ ಇಂಟಿಗ್ರೇಟೆಡ್ ಶಿಕ್ಷಣ ಜಗತ್ತಿನಲ್ಲಿ ಎಲ್ಲಿದೆ ಹೇಳಿ. ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂತು ಗುಂಪಿನಲ್ಲಿ ಕಲಿಯುವ ನಲಿ-ಕಲಿ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ್ದು, ನಮ್ಮದೇ ಮೇಷ್ಟ್ರುಗಳು ಕಟ್ಟಿದ್ದು. ಮೂರರಿಂದ ಐದನೇ ತರಗತಿಗೆ ವಿಜ್ಞಾನ, ಸಮಾಜ ಎರಡನ್ನೂ ಸೇರಿಸಿ ಪರಿಸರ ಅಧ್ಯಯನ ಅಂತ ಕಲಿಸಿ, ಕುಟುಂಬ, ಆಹಾರ, ನೀರು, ವಸತಿ, ಪ್ರಯಾಣ ಇಂಥ ಥೀಮ್ ಇಟ್ಟುಕೊಂಡು ಕಲಿಸಿ ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂದಾಗಲೇ ಹೇಳಿಯಾಗಿದೆ. ಅದಕ್ಕೂ ಹಿಂದೆ, 1937ರಲ್ಲಿ, ಗಾಂಧಿ ವಾರ್ಧಾದಲ್ಲಿ ನೂಲುವುದರಿಂದ ಹಿಡಿದೇ ಲೆಕ್ಕವನ್ನೂ ಭೂಗೋಳವನ್ನೂ ಕಲಿಸಿ ಅಂದಿದ್ದರು. ನಮ್ಮ ಕೋಆರ್ಡಿನೇಟರ್ ಮ್ಯಾಮ್‌ಗೆ ಇದನ್ನು ಹೇಳಿದರೆ, ಚರಕ ಇಂಡಿಪೆಂಡೆನ್ಸ್ ಡೇ ಯೂನಿಟ್‌ನಲ್ಲಿ ಬರುತ್ತೆ ಸರ್ ಅಂದರು.

ನಮ್ಮ ಹುಡುಗನ ಬಚ್ಚಲ ನೀರು ಹೋಗುವುದು ಈ ಗೆಳೆಯನ ಜಿಲ್ಲೆಗೇ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಮೇಷ್ಟ್ರನ್ನು ಒಬ್ಬ ಹುಡುಗ ಕೇಳಿದನಂತೆ, "ಕೆರೆ ತುಂಬೈತೆ ಸಾ, ಕುಡೀಬ್ಯಾಡ ಅಂತಾರೆ, ಯಾಕೆ?" ನೋಡಿ, ಯಾವ ಕಮಿಟಿಯೂ ಕೂರದೆ ಎಸೆನ್ಷಿಯಲ್ ಕ್ವೆಶ್ಚನ್ ಹುಟ್ಟಿತು. ಮೇಷ್ಟ್ರು ಉತ್ತರ ಹೇಳುವಷ್ಟರಲ್ಲಿ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಯ ಫೋನ್: ಮಕ್ಕಳ ವಿವರ ತುಂಬುವ ಎಸ್‌ಎಟಿಎಸ್ ಆನ್‌ಲೈನ್ ಎಂಟ್ರಿ ಬಾಕಿ ಇದೆ, ಮಧ್ಯಾಹ್ನದೊಳಗೆ ಮುಗಿಸಿ. ಪಾಠ ಟಿಪ್ಪಣಿಯಲ್ಲಿ ಆ ದಿನದ 'ಮಕ್ಕಳ ಪ್ರಶ್ನೆಗಳು' ಕಾಲಂಗೆ ಹೋದ ತಿಂಗಳದ್ದೇ ಕಾಪಿ ಮಾಡಿದ.

ಬೆಂಗಳೂರಿಗೆ ವಾಪಸ್ ಬರೋಣ. ಯೂನಿಟ್‌ಗೆ ಒಬ್ಬರು ಗೆಸ್ಟ್ ಸ್ಪೀಕರ್ ಬೇಕು ಅಂತ ಪೇರೆಂಟ್ಸ್ ಗ್ರೂಪಿನಲ್ಲಿ ಮೆಸೇಜ್ ಬಂತು. ಅಕ್ಕ, ನಾನು ಹೇಳಿಕೊಟ್ಟಿದ್ದಕ್ಕೆ, ಗೇಟಿನಲ್ಲಿ ದಿನಾ ಬರುವ ಟ್ಯಾಂಕರ್ ಅಣ್ಣನನ್ನೇ ಕರೆಯಿರಿ ಅಂತ ಬರೆದಳು. ಆತ ಎಲ್ಲಿ ತುಂಬಿಸುತ್ತಾನೆ, ಬೋರ್‌ವೆಲ್ ಎಷ್ಟು ಅಡಿ, ರಾತ್ರಿ ಎಷ್ಟು ಹೊತ್ತು ಕಾಯುತ್ತಾನೆ, ಹೇಳಲಿ. ಎರಡು ನಗುವ ಎಮೋಜಿ ಬಂದವು, ಅಷ್ಟೇ. ಕೊನೆಗೆ ಯಾವುದೋ ಕಂಪನಿಯ ಸಿಎಸ್‌ಆರ್, ಅಂದರೆ ಸಮಾಜಸೇವೆಯ ವಿಭಾಗದವರು ಬಂದು ನೀರು ಉಳಿಸಿ ಅಂತ ಪಿಪಿಟಿ ತೋರಿಸಿದರು. ಹೋಗುವಾಗ ಪ್ರತಿ ಮಗುವಿಗೂ ಒಂದು ಪ್ಲಾಸ್ಟಿಕ್ ನೀರಿನ ಬಾಟಲ್ ಗಿಫ್ಟ್.

ಪ್ರದರ್ಶನದ ದಿನ ಬಂತು. ಪ್ರತಿ ಮಗುವಿಗೂ ಒಂದೊಂದು ಜಲಚಕ್ರದ ಮಾದರಿ, ಥರ್ಮೋಕೋಲ್ ಬೆಟ್ಟದ ಮೇಲೆ ಹತ್ತಿಯ ಮೋಡ, ಅಕ್ವೇರಿಯಂ ಮೋಟರ್ ಹಾಕಿ ನಿಜವಾದ ನೀರು ಹರಿಸಿದ್ದು. ಮಾಡಿದ್ದು ಅಪ್ಪಂದಿರು. ಒಬ್ಬರ ಬೆಟ್ಟದಲ್ಲಿ ಎಲ್‌ಇಡಿ ಮಿಂಚು ಹೊಡೆಯುತ್ತಿತ್ತು, ಸಾಫ್ಟ್‌ವೇರ್‌ನವರು. ಮಕ್ಕಳು ಬಾಯಿಪಾಠ ಮಾಡಿದ ಮೂರು ಸಾಲು ಒಪ್ಪಿಸಿ ಅಪ್ಪನ ಬೆಟ್ಟ ಮುಟ್ಟದಂತೆ ದೂರ ನಿಂತಿದ್ದವು. ಟಾಯ್ಲೆಟ್ ನಲ್ಲಿಗಳಲ್ಲಿ ನೀರಿರಲಿಲ್ಲ, 'ಸೇವ್ ವಾಟರ್' ಅಂತ ಸ್ಟಿಕರ್ ಇತ್ತು. ಮಾದರಿಗಳಿಗೆ ತುಂಬಿಸಲು ಸಾಲದೇ ಬಂದೀತು ಅಂತ ಶಾಲೆಯವರು ಆ ದಿನ ಇನ್ನೊಂದು ಟ್ಯಾಂಕರ್ ತರಿಸಿದ್ದರು. ಅದರ ದುಡ್ಡು ಮುಂದಿನ ಟರ್ಮ್ ಫೀಸಿನಲ್ಲಿ 'ಎಕ್ಸ್‌ಪೀರಿಯೆನ್ಷಿಯಲ್ ಲರ್ನಿಂಗ್' ಅನ್ನುವ ಸಾಲಿನಲ್ಲಿ ಬಂತು.

ಅದರ ಮುಂದಿನ ಯೂನಿಟ್ 'ಆಹಾರ'. ಪ್ರಶ್ನೆ: "ನಾವು ತಿನ್ನುವುದು ನಮ್ಮನ್ನು ಹೇಗೆ ರೂಪಿಸುತ್ತದೆ?" ಜೊತೆಗೆ ತರಬೇಕಾದ ಸಾಮಾನಿನ ಪಟ್ಟಿ: ಕ್ಲೇ ಎರಡು ಪ್ಯಾಕೆಟ್, ಪೇಪರ್ ಪ್ಲೇಟ್, ಪ್ಲಾಸ್ಟಿಕ್ ತರಕಾರಿ ಸೆಟ್. ಕೊನೆಯಲ್ಲಿ ದಪ್ಪಕ್ಷರದ ಸೂಚನೆ: ಮಕ್ಕಳು ಮಣ್ಣು, ಬೀಜ, ಗೊಬ್ಬರ ತರುವಂತಿಲ್ಲ, ಕ್ಲಾಸ್‌ರೂಮಿಗೆ ಹೊಸ ಟೈಲ್ಸ್ ಹಾಕಿಸಲಾಗಿದೆ.