ದೊಡ್ಡಪ್ಪನ ಪದ್ಮಿನಿಯೂ ಚಿನ್ನದ ತಕ್ಕಡಿಯೂ

ಚಿಕ್ಕಮಗಳೂರಲ್ಲಿ ನಿಮಗೆ ಜ್ವರ ಬಂದು ಮಲಗಿದ್ರೆ ಒಬ್ರೋ ಇಬ್ರೋ ಬಂದು ವಿಚಾರಿಸಿಕೊಂಡು ಹೋಗ್ತಾರೆ, ಅದೇ ಒಂದು ಹಳೇ ಕಾರಿನ ಬಾನೆಟ್ ಎತ್ತಿ ರಸ್ತೆ ಬದಿ ನಿಂತ್ಕೊಳ್ಳಿ, ಹಾಲು ತರೋಕೆ ಹೊರಟವರು, ವಾಕಿಂಗ್ ಬಂದವರು, ಬ್ಯಾಂಕಿಗೆ ಹೊರಟವರು ಎಲ್ಲಾ ನಿಂತು ಇಂಜಿನ್ ಒಳಗೆ ಬಗ್ಗಿ ನೋಡಿ "ಕಾರ್ಬೊರೇಟರ್ ಪ್ರಾಬ್ಲಮ್ಮು" ಅಂತ ತೀರ್ಪು ಕೊಟ್ಟೇ ಮುಂದೆ ಹೋಗೋದು.

ಕಾರು ದೊಡ್ಡಪ್ಪಂದು. 1978ರ ಪ್ರೀಮಿಯರ್ ಪದ್ಮಿನಿ, 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ, ಸೋಲೆಕ್ಸ್ ಕಾರ್ಬೊರೇಟರ್, ಅಂದ್ರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸೋ ಡಬ್ಬ. ಮಂಗಳೂರಲ್ಲಿ ಅಷ್ಟು ವರ್ಷ ಸಾಕಿದವರು ಕಣ್ಣಿನ ಆಪರೇಷನ್ ಆದ್ಮೇಲೆ "ನೀನೇ ತಗೊಂಡು ಹೋಗೋ, ಆದ್ರೆ ಮಾರಿದ್ರೆ ನನ್ ಮುಖ ನೋಡಬೇಡ" ಅಂತ ಕೀ ಕೊಟ್ರು. ಚಾರ್ಮಾಡಿ ಹತ್ತೋವರೆಗೂ ಏನೂ ತಕರಾರಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬಂದು ಕೀ ತಿರುಗಿಸ್ತೀನಿ, ಸ್ಟಾರ್ಟೇ ಇಲ್ಲ. ಒಳಗೆಲ್ಲಾ ಪೆಟ್ರೋಲ್ ವಾಸನೆ. ಹೋಟೆಲ್ ಮುಂದೆ ನಿಂತಿದ್ದ ಹುಡುಗರು ತಳ್ಳಿಕೊಟ್ರು, ಸ್ಟಾರ್ಟ್ ಆದ ಖುಷಿಗೆ ಅದು ಅವರ ಮೇಲೆಲ್ಲಾ ಕರೀ ಹೊಗೆ ಬಿಡ್ತು.

ಮನೆಗೆ ಬಂದ್ಮೇಲೂ ಅದೇ ಕಥೆ. ಬೆಳಗ್ಗೆ ಶೆಡ್ಡಿಂದ ತೆಗೆಯೋಷ್ಟರಲ್ಲಿ ಅಮ್ಮ ಒಣಗಾಕಿದ ಅಪ್ಪನ ಪಂಚೆ ಮೇಲೆ ಮಸಿ ಚುಕ್ಕಿ, ಅಪ್ಪ ಅದನ್ನೇ ಉಟ್ಕೊಂಡು ದೇವಸ್ಥಾನಕ್ಕೆ ಹೋದ್ರು, ಅದರ ಮಂಗಳಾರತಿ ನನಗಾಯ್ತು. ಎಮಿಷನ್ ಟೆಸ್ಟಿಗೆ ತಗೊಂಡು ಹೋದ್ರೆ ಆ ಹುಡುಗ ಸೈಲೆನ್ಸರಿಗೆ ಪೈಪ್ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಇಷ್ಟು ಹಳೇ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಲಿಮಿಟ್ಟು 3 ಪರ್ಸೆಂಟು, ನಮ್ದು ಅದನ್ನ ಯಾವಾಗ್ಲೋ ದಾಟಿತ್ತು. "ಸಾರ್, ಇದು ಪೆಟ್ರೋಲ್ ಗಾಡೀನೇನಾ?" ಅಂತ ಕೇಳ್ದ. ಮೈಲೇಜ್ ಬಗ್ಗೆ ನಾನು ಹೇಳಲ್ಲ, ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿರೋ ಕಾಲದಲ್ಲಿ ಅದನ್ನ ಬಾಯಲ್ಲಿ ಹೇಳ್ಬಾರ್ದು.

ಸರಿ, ಪಂಚಾಯ್ತಿ ಶುರುವಾಯ್ತು. ತಣ್ಣಗಿರೋ ಇಂಜಿನ್ ಸ್ಟಾರ್ಟ್ ಆಗೋಕೆ ಪೆಟ್ರೋಲ್ ಪಾಲು ಜಾಸ್ತಿ ಮಾಡೋ ಚೋಕ್ ಸಿಕ್ಕಾಕ್ಕೊಂಡಿದೆ ಅಂದ್ರು, ನೋಡಿದ್ರೆ ಕೇಬಲ್ ಸಲೀಸಾಗಿ ಒಳಗೆ ಹೋಗ್ತಿದೆ. ಏರ್ ಫಿಲ್ಟರ್ ಕಟ್ಟಿದೆ ಅಂದ್ರು, ಅದನ್ನ ಬಿಚ್ಚಿಟ್ಟು ಓಡಿಸಿದ್ರೂ ಹೊಗೆ ಹಂಗೇ ಇದೆ. ಇನ್ನು ಕಾರ್ಬೊರೇಟರಲ್ಲಿ ಪೆಟ್ರೋಲ್-ಗಾಳಿ ಹದ ಮಾಡೋ ಆ ಮಿಕ್ಸ್ಚರ್ ಸ್ಕ್ರೂ ಅನ್ನೋದೊಂದಿದ್ಯಲ್ಲ, ಸ್ಕ್ರೂಡ್ರೈವರ್ ಹಿಡಿಯೋಕೆ ಬರೋ ಪ್ರತಿಯೊಬ್ಬನೂ ಅದಕ್ಕೊಂದು ಸುತ್ತು ಕೊಟ್ಟೇ ಹೋಗೋದು, ಒಬ್ಬ ಬಲಕ್ಕೆ ತಿರುಗಿಸಿದ್ದನ್ನ ಇನ್ನೊಬ್ಬ ಎಡಕ್ಕೆ, ಅಸಲಿಗೆ ಅದು ಐಡ್ಲಿಂಗಿಗೆ, ಅಂದ್ರೆ ಗಾಡಿ ನಿಂತಲ್ಲೇ ಇಂಜಿನ್ ಓಡೋದಕ್ಕೆ ಮಾತ್ರ ಇರೋದು, ಎಕ್ಸಲೇಟರ್ ತುಳಿದ್ಮೇಲೆ ಪೆಟ್ರೋಲ್ ಬರೋದೇ ಮೇನ್ ಜೆಟ್ ಅನ್ನೋ ಬೇರೆ ತೂತಿಂದ.

ಎದುರು ಮನೆ ರಿಟೈರ್ಡ್ ಫಿಸಿಕ್ಸ್ ಮೇಷ್ಟ್ರದ್ದು ಬೇರೇನೇ ಲೆಕ್ಕ. "ನೋಡಪ್ಪಾ, ಮಂಗಳೂರು ಸಮುದ್ರದ ಮಟ್ಟ, ನಮ್ಮೂರು ಸಾವಿರ ಮೀಟರ್ ಮೇಲೆ, ಇಲ್ಲಿ ಗಾಳಿ ಹತ್ತಿರ ಹತ್ತಿರ 10 ಪರ್ಸೆಂಟ್ ತೆಳು. ಕಾರ್ಬೊರೇಟರಿಗೆ ಅದೆಲ್ಲಿ ಗೊತ್ತಾಗುತ್ತೆ? ಅಲ್ಲಿ ಕೊಟ್ಟಂಗೇ ಇಲ್ಲೂ ಪೆಟ್ರೋಲ್ ಕೊಡುತ್ತೆ. ಗಾಳಿಗೆ ಹೋಲಿಸಿದ್ರೆ ಪೆಟ್ರೋಲ್ ಜಾಸ್ತಿಯಾಗಿ ರಿಚ್ ಆಗ್ದೇ ಇನ್ನೇನು?" ಮಾತು ಸುಳ್ಳಲ್ಲ. ಆದ್ರೆ ಅದೇ ಗಾಳೀಲಿ ಊರಿನ ಹಳೇ ಜೀಪುಗಳೆಲ್ಲಾ ಓಡಾಡ್ತಿವೆ, ಮುಳ್ಳಯ್ಯನಗಿರಿ ಕಡೆಗೂ ಹತ್ತುತ್ತವೆ, ಅದು 1930 ಮೀಟರು. ಅಲ್ದೆ ತೆಳು ಗಾಳಿಗೆ ಮೈಲೇಜ್ ಸ್ವಲ್ಪ ಇಳೀಬಹುದು, ಕಾರ್ಬೊರೇಟರಿಂದ ಪೆಟ್ರೋಲ್ ತೊಟ್ಟಿಕ್ಕಲ್ಲ. ಇದನ್ನ ಮೇಷ್ಟ್ರಿಗೆ ಹೇಳೋ ಧೈರ್ಯ ನಂಗಿಲ್ಲ, ಪಿಯುಸಿಲಿ ಇಂಟರ್ನಲ್ ಮಾರ್ಕ್ಸ್ ಕೊಟ್ಟವರು.

ಕೊನೆಗೆ ಉಪ್ಪಳ್ಳಿ ಕಡೆ ಇರೋ ಒಬ್ರು ವಯಸ್ಸಾದ ಮೇಸ್ತ್ರಿ ಹತ್ರ ಹೋದೆ. ಅವರು ಮಾತೇ ಆಡ್ಲಿಲ್ಲ. ಪ್ಲಗ್ ಬಿಚ್ಚಿದ್ರು, ನಾಲ್ಕೂ ಒಣ ಮಸಿ. ಡಿಪ್‌ಸ್ಟಿಕ್ ತೆಗೆದು ಮೂಗಿನ ಹತ್ರ ಹಿಡಿದ್ರು, ಇಂಜಿನ್ ಆಯಿಲ್ಲಲ್ಲೂ ಪೆಟ್ರೋಲ್ ವಾಸನೆ, ಸುಡದೇ ಉಳಿದಿದ್ದೆಲ್ಲಾ ಸಿಲಿಂಡರ್ ಗೋಡೆ ತೊಳ್ಕೊಂಡು ಕೆಳಗೆ ಇಳಿದಿದೆ. ಆಮೇಲೆ ಕಾರ್ಬೊರೇಟರ್ ಮುಚ್ಚಳ ತೆಗೆದು ಹಿತ್ತಾಳೆ ಫ್ಲೋಟ್ ಎತ್ತಿ ನನ್ನ ಕಿವಿ ಹತ್ರ ಅಲ್ಲಾಡಿಸಿದ್ರು. ಗುಳುಗುಳು ಅಂತು. ಖಾಲಿ ಇರಬೇಕಾದ ಫ್ಲೋಟ್ ಒಳಗೆ ಪೆಟ್ರೋಲು! ಅದು ಪೆಟ್ರೋಲ್ ಮೇಲೆ ತೇಲಿದ್ರೆ ತಾನೇ ಮೇಲಿನ ನೀಡಲ್ ವಾಲ್ವ್ ಪೆಟ್ರೋಲ್ ಬರೋ ದಾರಿ ಮುಚ್ಚೋದು, ಮುಳುಗಿ ಕೂತ್ರೆ ಪಂಪ್ ಕಳಿಸಿದ್ದೆಲ್ಲಾ ತುಂಬಿ ಹರಿಯುತ್ತೆ. ಲೋಟದಲ್ಲಿ ಬಿಸಿನೀರು ತರಿಸಿ ಮುಳುಗಿಸಿದ್ರು, ಬೆಸುಗೆ ಅಂಚಿಂದ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಎದ್ದು ಬಂತು. ಸೂಜಿ ಮೊನೆಯಷ್ಟು ತೂತು. ಇಷ್ಟಕ್ಕೇ ಅಷ್ಟು ಪಂಚಾಯ್ತಿ.

ಒಳಗಿನ ಪೆಟ್ರೋಲ್ ಪೂರ್ತಿ ಹೋಗೋವರೆಗೂ ಬಿಸಿನೀರಲ್ಲಿಟ್ಟು, ಬಿಸಿಲಲ್ಲಿ ಒಣಗಿಸಿ, ಬೆಸುಗೆಗೆ ಪಕ್ಕದ ಟೀವಿ ರಿಪೇರಿಯವನಿಗೆ ಕೊಟ್ಟು ಕಳಿಸಿದ್ರು. ಅವನು ಧಾರಾಳಿ. ಬಾಣಂತಿಗೆ ತುಪ್ಪ ಬಡಿಸಿದ ಹಂಗೆ ಸೀಸ ಸುರಿದು ಕಳಿಸಿದ್ದ. ಫಿಟ್ ಮಾಡಿ ಸ್ಟಾರ್ಟ್ ಮಾಡಿದ್ರೆ, ದೇವ್ರಾಣೆ, ಮತ್ತೆ ಕರೀ ಹೊಗೆ! ಮೊದಲಿನಷ್ಟಲ್ಲ, ಆದ್ರೂ ಹೊಗೆ ಹೊಗೇನೇ.

ಮೇಸ್ತ್ರಿ ಸುಮ್ನೆ ಫ್ಲೋಟ್ ಬಿಚ್ಚಿ, ಗುಜರಿ ಡಬ್ಬದಿಂದ ಅದೇ ಥರದ್ದು ಇನ್ನೊಂದು ನೆಗ್ಗಿದ ಫ್ಲೋಟ್ ಹುಡುಕಿ ತೆಗೆದು, ಎರಡನ್ನೂ ಕರ್ಚೀಫಲ್ಲಿ ಕಟ್ಕೊಂಡು ನನ್ನನ್ನ ಪರಿಚಯದ ಚಿನ್ನದಂಗಡಿಗೆ ಕರ್ಕೊಂಡು ಹೋದ್ರು. ಅಲ್ಲಿ ಮಾಂಗಲ್ಯ ನೋಡ್ತಿದ್ದ ಒಂದು ಮದುವೆ ಮನೆಯವರೆಲ್ಲಾ ನಮ್ಮನ್ನೇ ನೋಡ್ತಿದ್ದಾರೆ, ಶೆಟ್ರು ಒಂದೊಂದಾಗಿ ತಕ್ಕಡಿ ಮೇಲಿಟ್ಟು "ಇದೇ ತೂಕ ಜಾಸ್ತಿ ಕಣ್ರೀ, ಯಾವ ಕಾಲದ್ದು, ಅಜ್ಜಿದಾ?" ಅಂತ ಕೇಳಿದ್ರು. ದೊಡ್ಡಪ್ಪಂದು ಅಂದೆ.

ವಿಷಯ ಇಷ್ಟೇ, ಸೀಸದ ತೂಕಕ್ಕೆ ಫ್ಲೋಟ್ ಸ್ವಲ್ಪ ತಗ್ಗಲ್ಲೇ ತೇಲ್ತಿತ್ತು, ಅದು ನೀಡಲ್ ಮುಚ್ಚೋ ಹೊತ್ತಿಗೆ ಪೆಟ್ರೋಲ್ ಮಟ್ಟ ಮೇಲೆ ಹೋಗಿರ್ತಿತ್ತು. ಮೇಸ್ತ್ರಿ ಹೆಚ್ಚಿನ ಸೀಸ ಅರದಲ್ಲಿ ಉಜ್ಜಿ ತೆಗೆದ್ರು, ನೀಡಲ್ ವಾಲ್ವ್ ಕೆಳಗೆ ಸ್ವಲ್ಪ ದಪ್ಪ ಫೈಬರ್ ವಾಷರ್ ಹಾಕಿದ್ರು, ವಾಲ್ವ್ ಕೂದಲೆಳೆಯಷ್ಟು ಕೆಳಗೆ ಬಂದು ಬೇಗ ಮುಚ್ಚೋ ಹಾಗಾಯ್ತು. ಆಯಿಲ್ ಬದಲಾಯಿಸಿ, ಪ್ಲಗ್ ಉಜ್ಜಿ, ಎಲ್ರೂ ತಿರುಗಿಸಿಟ್ಟಿದ್ದ ಆ ಸ್ಕ್ರೂನ ಇಂಜಿನ್ ಸದ್ದು ಕೇಳ್ತಾ ಕೇಳ್ತಾ ಒಂದು ಕಡೆ ನಿಲ್ಲಿಸಿದ್ರು. ಹೊಗೆ ನಿಂತಿತು. ವಾಷರಿಗೆ ದುಡ್ಡೇ ತಗೊಳ್ಲಿಲ್ಲ ಪುಣ್ಯಾತ್ಮ.

ಈಗ ಗಾಡಿ ಸ್ಟಾರ್ಟ್ ಮಾಡಿದ್ರೆ ಮೇಷ್ಟ್ರು ಗೇಟಿಗೆ ಬಂದು ಸೈಲೆನ್ಸರ್ ಕಡೆ ನೋಡ್ತಾರೆ. ಮೊನ್ನೆ ಫ್ಲೋಟು, ಸೀಸ, ವಾಷರು, ಶೆಟ್ರ ತಕ್ಕಡಿ ಎಲ್ಲಾ ಬಿಡಿಸಿ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸ್ಕೊಂಡು ಕತ್ತಿನ ಮಫ್ಲರ್ ಸರಿ ಮಾಡ್ಕೊಂಡು ಅಂದ್ರು, "ಅದೇನೋ ಸರಿ ಕಣಯ್ಯಾ, ಆದ್ರೆ ಚಳಿ ಶುರುವಾಯ್ತು ನೋಡು, ಗಾಳಿ ದಟ್ಟ ಆಗಿದೆ, ಅದಕ್ಕೇ ಹೊಗೆ ನಿಂತಿರೋದು."