ಹಣೆಯ ಮೇಲೆ ಎಷ್ಟು ಗೆರೆ?

ಹುಬ್ಬು ಕೂಡಿದ್ದರೆ ಹೀಗೆ, ಹಲ್ಲಿನ ಮಧ್ಯೆ ಸಂದಿಯಿದ್ದರೆ ಹಾಗೆ, ತುಟಿ ಮೇಲೆ ಮಚ್ಚೆಯಿದ್ದರೆ ಬಾಯಿ ಜೋರು. ಇದನ್ನೆಲ್ಲ ನಮಗೆ ಯಾರೂ ಪಾಠ ಮಾಡಿದ್ದಲ್ಲ. ಮದುವೆಯ ಊಟದ ಪಂಕ್ತಿಯಲ್ಲಿ, ನಾಮಕರಣದ ತೊಟ್ಟಿಲ ಸುತ್ತ ಸುಮ್ನೆ ಕಿವಿಗೆ ಬಿದ್ದದ್ದು. ಮಗುವಿನ ಕಿವಿ ಸ್ವಲ್ಪ ದೊಡ್ಡದಿದ್ದರೆ ಸಾಕು, 'ದೀರ್ಘಾಯುಷಿ, ಬಿಡಿ' ಎಂದು ಯಾರೋ ಅಜ್ಜಿ ಷರಾ ಬರೆದುಬಿಡುತ್ತಾರೆ. ಪುಟ್ಟ ಕಿವಿಯ ಮಗುವಿನಲ್ಲೂ ಅದೇ ಅಜ್ಜಿ ಮತ್ತೇನೋ ಒಳ್ಳೆಯದನ್ನು ಹುಡುಕುತ್ತಾರೆ. ಬಾಣಂತಿಯ ಎದುರಿಗೇ ಕೆಟ್ಟ ಲಕ್ಷಣ ಹೇಳುವಷ್ಟು ದಡ್ಡರು ನಮ್ಮಲ್ಲಿ ಕಡಿಮೆ.

ಈ ವಿದ್ಯೆಗೆ ಸಾಮುದ್ರಿಕ ಎಂಬ ದೊಡ್ಡ ಹೆಸರಿದೆ. ಆರನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಮಳೆ, ಭೂಕಂಪ, ರತ್ನಗಳ ಜೊತೆಗೆ ಗಂಡಸಿನ ಲಕ್ಷಣಕ್ಕೂ ಒಂದು ಅಧ್ಯಾಯ ಇಟ್ಟಿದ್ದಾನೆ. ಗಿಳಿಮೂಗಿನವನು ಸುಖಿ. ಅರ್ಧಚಂದ್ರದಂಥ ಹಣೆಯವನು ಹಣವಂತ. ನನಗೆ ಇಷ್ಟವಾಗುವುದು ಹಣೆಯ ಗೆರೆಗಳ ಲೆಕ್ಕ. ಮೂರು ಉದ್ದನೆಯ ಗೆರೆಯಿದ್ದರೆ ಆಯುಷ್ಯ 100 ವರ್ಷ. ನಾಲ್ಕಿದ್ದರೆ ರಾಜಯೋಗ, ಆದರೆ ಆಯುಷ್ಯ 95. ಕುರ್ಚಿ ಬೇಕೆಂದರೆ ಐದು ವರ್ಷ ಬಿಟ್ಟುಕೊಡಬೇಕು, ಸರಿಯಾಗಿ ಒಂದು ವಿಧಾನಸಭೆಯ ಅವಧಿ! ಗೆರೆಯೇ ಇಲ್ಲದವನಿಗೂ 90 ವರ್ಷ ದಯಪಾಲಿಸಿದ್ದಾನೆ, ಪುಣ್ಯಾತ್ಮ.

ಹೆಂಗಸರ ಸರದಿ ಬಂದಾಗ ಈ ಧಾರಾಳತನ ಕಾಣೆ. ಕನ್ಯಾಲಕ್ಷಣದ ಅಧ್ಯಾಯದಲ್ಲಿ ಮೇಲ್ತುಟಿ ಉಬ್ಬಿದವಳು ಜಗಳಗಂಟಿ. ಹಣೆ ಇಳಿಬಿದ್ದಂತಿದ್ದರೆ ಮೈದುನನಿಗೆ ಕೇಡು. ಹಣೆ ಅವಳದು, ಆಯುಷ್ಯ ಇನ್ಯಾರದೋ. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖವನ್ನು ಅಷ್ಟು ಹೊತ್ತು ದಿಟ್ಟಿಸುತ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಈಗಂತೂ ವಾಟ್ಸಾಪಿನಲ್ಲಿ ಬರುವ ಫೋಟೋಗೆ ಫಿಲ್ಟರ್ ಹಾಕಿರುತ್ತಾರೆ. ಮಚ್ಚೆಯೂ ಇಲ್ಲ, ಗೆರೆಯೂ ಇಲ್ಲ. ವರಾಹಮಿಹಿರನೇ ಬಂದರೂ ಎಲ್ಲರಿಗೂ 90 ಹಾಕಿ ಎದ್ದುಹೋಗಬೇಕಷ್ಟೆ.

ಇದು ನಮ್ಮದೊಂದೇ ಹುಚ್ಚಲ್ಲ. 1831ರಲ್ಲಿ ಬೀಗಲ್ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್, ಡಾರ್ವಿನ್ನನನ್ನು ಬೇಡವೆನ್ನುವುದರಲ್ಲಿದ್ದ. ಕಾರಣ ಮೂಗು. ಇಂಥ ಮೂಗಿನವನಿಗೆ ಅಷ್ಟು ದೂರದ ಪಯಣಕ್ಕೆ ಬೇಕಾದ ಛಲ ಇರುತ್ತದೆಯೇ ಎಂಬ ಅನುಮಾನ ಅವನಿಗೆ. ಆ ಮೂಗು ಸುಮಾರು ಐದು ವರ್ಷ ಸಮುದ್ರ ಸುತ್ತಿ ಬಂತು.

ಫಿಟ್ಜ್‌ರಾಯ್ ಎಡವಿದ್ದು ಅವಸರದಿಂದ. ಮುಖ ನೋಡಿದ ಕೂಡಲೇ ಭವಿಷ್ಯ ಹೇಳಿಬಿಟ್ಟ. ನಮ್ಮ ನೆಂಟರು ಹಾಗಲ್ಲ, ಮೊದಲು ಫಲ ಬರಲಿ ಎಂದು ಕಾಯುತ್ತಾರೆ. ಹುಡುಗ ಪಿಯುಸಿಯಲ್ಲಿ ಡುಮ್ಕಿ ಹೊಡೆದಾಗ 'ಅಷ್ಟಗಲ ಹಣೆ, ಒಳಗೇನೂ ಇಲ್ಲ'. ಅವನೇ ತಹಶೀಲ್ದಾರನಾದ ಮೇಲೆ 'ಆ ಹಣೆ ನೋಡಿದಾಗಲೇ ನಂಗೆ ಗೊತ್ತಿತ್ತು'. ಸಂಬಳ ಕಡಿಮೆಯಿರುವವನಿಗೆ ಮೂಗಿನ ತುದಿಯಲ್ಲೇ ಕೋಪ. ಜಾಸ್ತಿಯಿರುವವನ ಮುಖದಲ್ಲೇ ಗತ್ತು. ಹೀಗೆ ಓದಿದರೆ ಶಾಸ್ತ್ರ ಯಾವತ್ತೂ ಸುಳ್ಳಾಗುವುದಿಲ್ಲ.

ಬೋಳುತಲೆಯ ಬಗ್ಗೆ ಸಂಸ್ಕೃತದಲ್ಲೊಂದು ಹಳೇ ಮಾತಿದೆ. ಬೋಳುತಲೆಯವರಲ್ಲಿ ಬಡವರು ಅಪರೂಪವಂತೆ. ಇಲ್ಲವೇ ಇಲ್ಲ ಅಂದಿಲ್ಲ ನೋಡಿ, ಜಾಣರು, ಸ್ವಲ್ಪ ಜಾಗ ಬಿಟ್ಟಿದ್ದಾರೆ. ಮನೆಸಾಲದ ಕಂತು ಕಟ್ಟುವ ಬೊಕ್ಕತಲೆಯವರೆಲ್ಲ ಆ ಜಾಗದಲ್ಲೇ ಒತ್ತರಿಸಿಕೊಂಡು ಕೂತಿದ್ದೇವೆ.